ಡಾಂಬರು ರಸ್ತೆಗೂ ತೋಟದ ಹಾದಿಗೂ ಒಂದೇ ಟೈರು: ಆಯ್ಕೆಯ ಲೆಕ್ಕಾಚಾರ

ಮಲೆನಾಡಿನ ಕಾಫಿ, ಮೆಣಸು ಹಾಗೂ ಅಡಿಕೆ ವರ್ತಕರಲ್ಲಿ ಸ್ವಂತ ಪಿಕಪ್ ವಾಹನವಿಲ್ಲದವರು ಇಂದು ವಿರಳ. ಬೆಳಗ್ಗೆ ತೋಟದ ಕಣದಿಂದ ಮೂಟೆಗಳನ್ನು ಹೇರಿಕೊಂಡು ಹಾಸನದ ಅಥವಾ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗೆ ಸಾಗುವ ವಾಹನವೇ ಸಂಜೆ ಗೊಬ್ಬರ, ಪೈಪು, ಸಿಮೆಂಟು ತುಂಬಿಕೊಂಡು ಹಿಂದಿರುಗುತ್ತದೆ. ಅದೇ ವಾಹನ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಶಿರಾಡಿ ಘಾಟಿಯನ್ನೂ ಇಳಿಯಬೇಕು, ಜುಲೈ ತಿಂಗಳ ಕೆಸರಿನಲ್ಲಿ ತೋಟದ ಏರನ್ನೂ ಹತ್ತಬೇಕು. ಈ ಎರಡು ವಿಭಿನ್ನ ಕೆಲಸಗಳಿಗೂ ಅದಕ್ಕಿರುವುದು ನಾಲ್ಕೇ ಟೈರುಗಳು, ಪ್ರತಿಯೊಂದೂ ನೆಲವನ್ನು ಮುಟ್ಟುವುದು ಸುಮಾರು ಅಂಗೈ ಅಗಲದಷ್ಟು ಜಾಗದಲ್ಲಿ ಮಾತ್ರ.

ಹೀಗಿದ್ದರೂ ಟೈರಿನ ಖರೀದಿಯಲ್ಲಿ ಎರಡು ಬಗೆಯ ತಪ್ಪುಗಳು ಪದೇ ಪದೇ ಕಂಡುಬರುತ್ತವೆ. ಮೊದಲನೆಯದು, ಬೆಲೆಯೊಂದನ್ನೇ ನೋಡಿ ಹೆದ್ದಾರಿಯ ಟೈರನ್ನು ಹಾಕಿಸಿ ಮಳೆಗಾಲದಲ್ಲಿ ತೋಟದ ನಡುವೆ ಸಿಕ್ಕಿಬೀಳುವುದು. ಎರಡನೆಯದು, ಹಾಗೆ ಒಮ್ಮೆ ಸಿಕ್ಕಿಬಿದ್ದ ನೆನಪಿನಿಂದ ಎದೆಗುಂದಿ ಅತ್ಯಂತ ಒರಟಾದ ಕೆಸರು ಟೈರನ್ನು ಹಾಕಿಸಿ, ವರ್ಷದ ಉಳಿದ ದಿನಗಳಲ್ಲಿ ಡೀಸೆಲ್ ಮತ್ತು ರಬ್ಬರು ಎರಡನ್ನೂ ಸವೆಸುವುದು. ಎರಡೂ ನಿರ್ಧಾರಗಳು ಒಂದು ಘಟನೆಯ ನೆನಪಿನ ಮೇಲೆ ನಿಂತಿರುತ್ತವೆಯೇ ಹೊರತು ವಾಹನದ ದಿನಚರಿ ಪುಸ್ತಕದ ಮೇಲಲ್ಲ. ಟೈರು ಸಹ ಒಂದು ವ್ಯಾಪಾರ ವೆಚ್ಚವಾದ ಕಾರಣ, ಇತರ ವೆಚ್ಚಗಳಂತೆ ಅದನ್ನೂ ಲೆಕ್ಕ ಹಾಕಿ ನಿರ್ಧರಿಸುವುದು ಉಚಿತ.

ಮೂರು ಬಗೆಯ ಟೈರುಗಳು

ಪಿಕಪ್ ವಾಹನಗಳ ಟೈರುಗಳನ್ನು ಸ್ಥೂಲವಾಗಿ ಮೂರು ವಿಧಗಳಾಗಿ ವಿಂಗಡಿಸಬಹುದು. ಎಚ್.ಟಿ. ಎಂಬುದು ಹೈವೇ ಟೆರೇನ್, ಅಂದರೆ ಹೆದ್ದಾರಿಯ ಟೈರು. ಎ.ಟಿ. ಎಂಬುದು ಆಲ್ ಟೆರೇನ್, ಅಂದರೆ ಎಲ್ಲ ಬಗೆಯ ನೆಲಕ್ಕೂ ಒಗ್ಗುವಂಥದು. ಎಂ.ಟಿ. ಎಂಬುದು ಮಡ್ ಟೆರೇನ್, ಅಂದರೆ ಕೆಸರಿಗೆಂದೇ ರೂಪಿಸಿದ್ದು. ಅಪೊಲೊ, ಜೆ.ಕೆ. ಟೈರ್, ಸಿಯೆಟ್ ಮೊದಲಾದ ದೇಶೀಯ ತಯಾರಕರು ಸಹ ಈಗ ಎ.ಟಿ. ಬಗೆಯ ಟೈರುಗಳನ್ನು ಮಾರುಕಟ್ಟೆಗೆ ತಂದಿರುವುದರಿಂದ ಆಯ್ಕೆಗೆ ಹಿಂದಿಗಿಂತ ಹೆಚ್ಚು ಅವಕಾಶವಿದೆ.

ಈ ಮೂರರ ವ್ಯತ್ಯಾಸವೆಲ್ಲ ಟ್ರೆಡ್‌ನಲ್ಲಿ, ಅಂದರೆ ನೆಲಕ್ಕೆ ತಾಗುವ ಹೊರಮೈಯಲ್ಲಿ ಅಡಗಿದೆ. ಎಚ್.ಟಿ. ಟೈರಿನಲ್ಲಿ ರಬ್ಬರಿನ ಪಟ್ಟಿಗಳು ಒತ್ತೊತ್ತಾಗಿದ್ದು, ಅವುಗಳ ನಡುವಿನ ಕಾಲುವೆಗಳು ಕಿರಿದಾಗಿರುತ್ತವೆ. ಪಟ್ಟಿಗಳ ಮೇಲೆ ಸಣ್ಣ ಸಣ್ಣ ಸೀಳುಗಳಿರುತ್ತವೆ. ನೆನೆದ ಡಾಂಬರಿನ ಮೇಲಿನ ನೀರಿನ ಪದರವನ್ನು ಕತ್ತರಿಸಿ ರಬ್ಬರನ್ನು ನೆಲಕ್ಕೆ ತಾಗಿಸುವುದು ಈ ಸೀಳುಗಳೇ. ಆದುದರಿಂದ ಹೆದ್ದಾರಿಯಲ್ಲಿ ಇದು ಸದ್ದಿಲ್ಲದೆ ಉರುಳುತ್ತದೆ, ಇಂಧನ ಉಳಿಸುತ್ತದೆ, ಮಳೆಯಲ್ಲಿಯೂ ಬ್ರೇಕಿಗೆ ಚೆನ್ನಾಗಿ ಸ್ಪಂದಿಸುತ್ತದೆ. ಆದರೆ ಕೆಸರಿಗೆ ಇಳಿದೊಡನೆ ಕಿರಿದಾದ ಕಾಲುವೆಗಳಲ್ಲಿ ಮಣ್ಣು ತುಂಬಿ ಟೈರು ಸಪಾಟಾಗಿಬಿಡುತ್ತದೆ. ಚಕ್ರ ತಿರುಗಿದರೂ ವಾಹನ ಮುಂದೆ ಸಾಗುವುದಿಲ್ಲ.

ಎಂ.ಟಿ. ಟೈರು ಇದಕ್ಕೆ ತದ್ವಿರುದ್ಧ. ರಬ್ಬರಿನ ದಪ್ಪ ಗಟ್ಟಿಗಳ ನಡುವೆ ಅಗಲವಾದ ಖಾಲಿ ಜಾಗವಿರುವುದರಿಂದ ಚಕ್ರ ತಿರುಗುವಾಗ ಕೆಸರು ತಾನಾಗಿಯೇ ಸಿಡಿದು ಹೊರಬೀಳುತ್ತದೆ. ಆದರೆ ಅದೇ ಖಾಲಿ ಜಾಗದಿಂದಾಗಿ ಡಾಂಬರನ್ನು ಮುಟ್ಟುವ ರಬ್ಬರು ಕಡಿಮೆಯಾಗುತ್ತದೆ. ಸದ್ದು ಹೆಚ್ಚು, ಸವೆತ ಬೇಗ, ಇಂಧನ ವೆಚ್ಚ ಅಧಿಕ. ಎಲ್ಲಕ್ಕಿಂತ ಮುಖ್ಯವಾಗಿ, ನೆನೆದ ಡಾಂಬರಿನ ಮೇಲೆ ವಾಹನ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಎ.ಟಿ. ಟೈರು ಇವೆರಡರ ನಡುವಿನದು. ಅದರ ಗಟ್ಟಿಗಳು ಒಂದಕ್ಕೊಂದು ಹೆಣೆದುಕೊಂಡಂತಿದ್ದು ಕಾಲುವೆಗಳು ಮಧ್ಯಮ ಅಗಲದವು. ಕಲ್ಲಿನ ಅಂಚನ್ನು ತಡೆದುಕೊಳ್ಳಲು ಟೈರಿನ ಪಕ್ಕೆಯನ್ನೂ ಸಾಮಾನ್ಯವಾಗಿ ಹೆಚ್ಚು ಬಲಪಡಿಸಿರುತ್ತಾರೆ.

ಮೊದಲು ನೆಲವನ್ನು ಅರಿಯಬೇಕು

"ಕಚ್ಚಾ ರಸ್ತೆ" ಎಂಬ ಒಂದೇ ಹೆಸರಿನಡಿ ಹಲವು ಬಗೆಯ ನೆಲಗಳಿವೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯ ಕೆಂಪು ಜಾರುಮಣ್ಣು ಬೇರೆ, ಇಳಕಲ್ ಭಾಗದ ಗ್ರಾನೈಟ್ ಕ್ವಾರಿಗಳ ಚೂಪುಕಲ್ಲಿನ ಹಾದಿ ಬೇರೆ, ವಿಜಯಪುರ, ರಾಯಚೂರು ಕಡೆಯ ಎರೆಭೂಮಿ ಬೇರೆ. ಕ್ವಾರಿಗೆ ಹೋಗಿ ಬರುವ ವಾಹನಕ್ಕೆ ಕೆಸರನ್ನು ಸಿಡಿಸುವ ಶಕ್ತಿಗಿಂತ ಟೈರಿನ ಪಕ್ಕೆಯ ಗಟ್ಟಿತನ ಮುಖ್ಯ. ಏಕೆಂದರೆ ಪಕ್ಕೆಯಲ್ಲಿ ಉಂಟಾದ ಸೀಳಿಗೆ ಪಂಕ್ಚರ್ ಅಂಗಡಿಯಲ್ಲಿ ಭದ್ರವಾದ ಪರಿಹಾರವಿಲ್ಲ, ಟೈರನ್ನೇ ಬದಲಿಸಬೇಕಾಗುತ್ತದೆ. ನೆನೆದ ಎರೆಮಣ್ಣಾದರೋ ಅಂಟಿನಂತೆ ಹಿಡಿದುಕೊಂಡು ಎಂ.ಟಿ. ಟೈರಿನ ಅಗಲವಾದ ಸಂದುಗಳನ್ನು ಸಹ ಮುಚ್ಚಿಬಿಡುತ್ತದೆ. ಅಲ್ಲಿ ದುಬಾರಿ ಟೈರಿಗಿಂತ ಹೊಲ ಒಂದೆರಡು ದಿನ ಒಣಗುವವರೆಗೆ ಕಾಯುವುದೇ ಲಾಭಕರ.

ಮಲೆನಾಡಿನ ವರ್ತಕರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾ ಕೊಯ್ಲು ಅದರ ಹಿಂದೆಯೇ ಮಾರ್ಚ್‌ವರೆಗೆ ನಡೆಯುತ್ತದೆ. ಅಂದರೆ ಅತಿ ಹೆಚ್ಚು ಹೊರೆ ಸಾಗುವುದು ತೋಟದ ಹಾದಿ ಒಣಗಿರುವ ತಿಂಗಳುಗಳಲ್ಲಿ. ಕೆಸರಿನ ತಿಂಗಳುಗಳಾದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಓಡಾಟವಿದ್ದರೂ ಸಾಮಾನ್ಯವಾಗಿ ಹೊರೆ ಕಡಿಮೆ. ವರ್ಷದ ಒಟ್ಟು ಕಿಲೋಮೀಟರುಗಳಲ್ಲಿ ನಿಜವಾದ ಕೆಸರಿನ ಪಾಲು ಎಷ್ಟೆಂದು ಬರೆದಿಟ್ಟು ನೋಡಿದವರಿಗೆ, ಅದು ತಾವು ಭಾವಿಸಿದ್ದಕ್ಕಿಂತ ಕಡಿಮೆಯೆಂಬುದು ಬಹುಮಟ್ಟಿಗೆ ಮನವರಿಕೆಯಾಗುತ್ತದೆ.

ಒಂದು ಉದಾಹರಣೆ

ಮೂಡಿಗೆರೆ ತಾಲ್ಲೂಕಿನ ಒಬ್ಬ ಕಾಫಿ ವರ್ತಕರ ಪಿಕಪ್ ತಿಂಗಳಿಗೆ 2,500 ಕಿ.ಮೀ. ಓಡುತ್ತದೆಂದೂ, ಅದರಲ್ಲಿ 300 ಕಿ.ಮೀ. ತೋಟದ ಹಾದಿಯೆಂದೂ ಇಟ್ಟುಕೊಳ್ಳೋಣ. ವರ್ಷದ ಓಟ 30,000 ಕಿ.ಮೀ., ಕಚ್ಚಾ ರಸ್ತೆಯ ಪಾಲು ಶೇ. 12. ಡೀಸೆಲ್ ದರ ಲೀಟರಿಗೆ 90 ರೂ. ಎಂದು ಹಿಡಿಯಲಾಗಿದೆ. ಕೆಳಗಿನ ಬೆಲೆ, ಬಾಳಿಕೆ ಹಾಗೂ ಮೈಲೇಜ್ ಅಂಕಿಗಳು ಲೆಕ್ಕದ ರೀತಿಯನ್ನು ತಿಳಿಸಲು ಊಹಿಸಿಕೊಂಡವು. ಓದುಗರು ತಮ್ಮ ಊರಿನ ದರ ಹಾಗೂ ತಮ್ಮ ವಾಹನದ ಅನುಭವವನ್ನು ಅಲ್ಲಿ ತುಂಬಿಕೊಳ್ಳಬೇಕು.

ಎಚ್.ಟಿ.: ನಾಲ್ಕು ಟೈರುಗಳಿಗೆ ತೆರಿಗೆ ಬಿಟ್ಟು 36,000 ರೂ., ಬಾಳಿಕೆ 50,000 ಕಿ.ಮೀ., ಮೈಲೇಜ್ ಲೀಟರಿಗೆ 12 ಕಿ.ಮೀ. ಪ್ರತಿ ಕಿ.ಮೀ.ಗೆ ಟೈರಿನ ವೆಚ್ಚ 72 ಪೈಸೆ, ಡೀಸೆಲ್ 7.50 ರೂ., ಒಟ್ಟು 8.22 ರೂ.

ಎ.ಟಿ.: ಬೆಲೆ 44,000 ರೂ., ಬಾಳಿಕೆ 45,000 ಕಿ.ಮೀ., ಮೈಲೇಜ್ 11.7 ಕಿ.ಮೀ. ಟೈರಿನ ವೆಚ್ಚ 98 ಪೈಸೆ, ಡೀಸೆಲ್ 7.69 ರೂ., ಒಟ್ಟು 8.67 ರೂ.

ಎಂ.ಟಿ.: ಬೆಲೆ 60,000 ರೂ., ಬಾಳಿಕೆ 30,000 ಕಿ.ಮೀ., ಮೈಲೇಜ್ 11 ಕಿ.ಮೀ. ಟೈರಿನ ವೆಚ್ಚ 2 ರೂ., ಡೀಸೆಲ್ 8.18 ರೂ., ಒಟ್ಟು 10.18 ರೂ.

ವರ್ಷದ 30,000 ಕಿ.ಮೀ.ಗೆ ಈ ಮೊತ್ತಗಳು ಕ್ರಮವಾಗಿ 2,46,600 ರೂ., 2,60,100 ರೂ. ಹಾಗೂ 3,05,400 ರೂ. ಆಗುತ್ತವೆ. ಎಚ್.ಟಿ.ಗಿಂತ ಎ.ಟಿ. ಟೈರಿಗೆ 13,500 ರೂ. ಹೆಚ್ಚು, ಎ.ಟಿ.ಗಿಂತ ಎಂ.ಟಿ. ಟೈರಿಗೆ 45,300 ರೂ. ಹೆಚ್ಚು. ಇಲ್ಲಿ ಎರಡನೆಯ ವ್ಯತ್ಯಾಸದ ಬಹುಪಾಲು ಹುಟ್ಟುವುದು ಬಿಲ್ಲಿನಲ್ಲಿ ಕಾಣುವ ಬೆಲೆಯಿಂದಲ್ಲ, ಬೇಗ ಸವೆಯುವುದರಿಂದ ಮತ್ತು ಡೀಸೆಲ್‌ನಿಂದ ಎಂಬುದನ್ನು ಗಮನಿಸಬೇಕು.

ಇನ್ನು ತಕ್ಕಡಿಯ ಮತ್ತೊಂದು ತಟ್ಟೆಯನ್ನು ನೋಡಬೇಕು. ವಾಹನ ತೋಟದಲ್ಲಿ ಸಿಕ್ಕಿಬಿದ್ದ ದಿನ ಟ್ರ್ಯಾಕ್ಟರ್ ಕರೆಸಿ ಎಳೆಸುವ ಬಾಡಿಗೆ, ಬದಲಿ ವಾಹನದ ಬಾಡಿಗೆ, ಕೂಲಿಯವರ ವ್ಯರ್ಥ ದಿನಗೂಲಿ ಎಲ್ಲ ಸೇರಿ 5,000 ರೂ. ನಷ್ಟವೆಂದು ಹಿಡಿದರೆ, ಎ.ಟಿ. ಟೈರು ವರ್ಷಕ್ಕೆ ಅಂತಹ ಮೂರು ದಿನಗಳನ್ನು ತಪ್ಪಿಸಿದರೆ ತನ್ನ ಹೆಚ್ಚುವರಿ ವೆಚ್ಚವನ್ನು ತೀರಿಸಿ ಸ್ವಲ್ಪ ಉಳಿಸುತ್ತದೆ. ಎಂ.ಟಿ. ಟೈರಾದರೋ ಎ.ಟಿ. ಟೈರು ತಪ್ಪಿಸಲಾಗದ ಇನ್ನೂ ಒಂಬತ್ತಕ್ಕಿಂತ ಹೆಚ್ಚು ದಿನಗಳನ್ನು ತಪ್ಪಿಸಿದರೆ ಮಾತ್ರ ಸಮಸಮವಾಗುತ್ತದೆ. ಶೇ. 12ರಷ್ಟು ಮಾತ್ರ ಕಚ್ಚಾ ರಸ್ತೆಯಲ್ಲಿ ಓಡುವ ವಾಹನಕ್ಕೆ ಇದು ಕಷ್ಟಸಾಧ್ಯ. ಅಂತಹವರಿಗೆ ಮಳೆಗಾಲದ ಕೆಲವು ದಿನ ಸರಕನ್ನು ಡಾಂಬರು ರಸ್ತೆಯವರೆಗೆ ಟ್ರ್ಯಾಕ್ಟರಿನಲ್ಲಿಯೋ ಬಾಡಿಗೆ ಜೀಪಿನಲ್ಲಿಯೋ ತರಿಸುವುದೇ ಅಗ್ಗ.

ಸ್ಥೂಲವಾಗಿ ಹೇಳುವುದಾದರೆ, ಕಚ್ಚಾ ರಸ್ತೆಯ ಪಾಲು ಹತ್ತನೆಯ ಒಂದಕ್ಕಿಂತ ಕಡಿಮೆಯಿದ್ದು ಅದೂ ಒಣಗಿದ ಕಾಲದಲ್ಲಿಯೇ ಇದ್ದರೆ ಎಚ್.ಟಿ. ಸಾಕು. ಅದಕ್ಕಿಂತ ಹೆಚ್ಚಿದ್ದು ಅರ್ಧಕ್ಕಿಂತ ಕಡಿಮೆಯಿದ್ದರೆ ಎ.ಟಿ. ಸೂಕ್ತ. ಅರ್ಧಕ್ಕಿಂತ ಹೆಚ್ಚಿನ ಓಟ ಆಳವಾದ ಕೆಸರಿನಲ್ಲಿಯೇ ನಡೆಯುವುದಾದರೆ ಮಾತ್ರ ಎಂ.ಟಿ. ಟೈರಿನ ವಿಚಾರ ಮಾಡಬಹುದು.

ಲೆಕ್ಕಕ್ಕೆ ಸಿಗದ ಒಂದು ಅಂಶ

ಮೇಲಿನ ಲೆಕ್ಕದಲ್ಲಿ ರೂಪಾಯಿಗೆ ಇಳಿಸಲಾಗದ ಒಂದು ಅಂಶ ಉಳಿಯುತ್ತದೆ. ತೋಟದ ಕೆಸರಿನಲ್ಲಿ ವಾಹನ ಸಿಕ್ಕಿಬಿದ್ದರೆ ಹೋಗುವುದು ಒಂದು ದಿನದ ದುಡಿಮೆ. ಹೊರೆ ತುಂಬಿದ ವಾಹನ ಮಳೆಯಲ್ಲಿ ಘಾಟಿಯನ್ನು ಇಳಿಯುವಾಗ ಬ್ರೇಕಿಗೆ ನಿಲ್ಲದಿದ್ದರೆ ಹೋಗುವುದು ಜೀವ. ವಾಹನ ಸಾಧಾರಣವಾಗಿ ತೋಟದಲ್ಲಿ ಗಂಟೆಗೆ 10-15 ಕಿ.ಮೀ. ವೇಗದಲ್ಲಿಯೂ ಹೆದ್ದಾರಿಯಲ್ಲಿ 60-70 ಕಿ.ಮೀ. ವೇಗದಲ್ಲಿಯೂ ಸಾಗುತ್ತದೆ. ಆದುದರಿಂದ ಟೈರಿನ ಆಯ್ಕೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ "ಇದು ಕೆಸರಿನಿಂದ ಎತ್ತುತ್ತದೆಯೆ?" ಎಂಬುದಲ್ಲ, "ನೆನೆದ ಡಾಂಬರಿನ ಮೇಲೆ ಇದು ನಿಲ್ಲುತ್ತದೆಯೆ?" ಎಂಬುದು. ಎ.ಟಿ. ಟೈರುಗಳಲ್ಲಿಯೂ ಗಟ್ಟಿಗಳ ಮೇಲೆ ಸಾಕಷ್ಟು ಸಣ್ಣ ಸೀಳುಗಳಿರುವುದನ್ನು ಅಂಗಡಿಯಲ್ಲಿ ಕಣ್ಣಾರೆ ನೋಡಿಯೇ ಕೊಳ್ಳಬೇಕು. ವಾಹನವನ್ನು ಮಾಲೀಕರ ಬದಲು ಸಂಬಳದ ಚಾಲಕರು ಓಡಿಸುವಲ್ಲಿ ಈ ಹೊಣೆ ಇನ್ನಷ್ಟು ಹೆಚ್ಚು. ಏಕೆಂದರೆ ಟೈರನ್ನು ಆರಿಸುವವರು ಒಬ್ಬರು, ಅದರ ಮೇಲೆ ಘಾಟಿ ಇಳಿಯುವವರು ಇನ್ನೊಬ್ಬರು.

ಟೈರಿನ ಮೇಲಿನ ಅಂಕಿಗಳು

ಟೈರಿನ ಪಕ್ಕೆಯ ಮೇಲೆ "245/70 ಆರ್ 16" ಎಂದಿದ್ದರೆ, ಅಗಲ 245 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ಶೇ. 70, ರೇಡಿಯಲ್ ರಚನೆ, ಡಿಸ್ಕಿನ ವ್ಯಾಸ 16 ಅಂಗುಲ ಎಂದರ್ಥ. ಅದರ ಮುಂದಿನ ಅಂಕಿ ಹೊರೆಯ ಸೂಚ್ಯಂಕ. ಸೂಚ್ಯಂಕ 104 ಎಂದರೆ ಒಂದು ಟೈರು 900 ಕೆ.ಜಿ., 108 ಎಂದರೆ 1,000 ಕೆ.ಜಿ., 112 ಎಂದರೆ 1,120 ಕೆ.ಜಿ. ಹೊರಬಲ್ಲದು. ನಂತರದ ಅಕ್ಷರ ವೇಗದ ಮಿತಿಯನ್ನು ತಿಳಿಸುತ್ತದೆ.

ಹೊರೆಯ ಲೆಕ್ಕದಲ್ಲಿ ಅನೇಕರು ಎಡವುತ್ತಾರೆ. 900 ಕೆ.ಜಿ.ಯ ನಾಲ್ಕು ಟೈರುಗಳು ಒಟ್ಟು 3,600 ಕೆ.ಜಿ. ಹೊರುತ್ತವೆಂದು ನೆಮ್ಮದಿಯಿಂದಿರುತ್ತಾರೆ. ಆದರೆ ಪಿಕಪ್ ವಾಹನದಲ್ಲಿ ಸರಕಿನ ಭಾರ ಬೀಳುವುದು ಹೆಚ್ಚಾಗಿ ಹಿಂದಿನ ಆಕ್ಸಲ್ ಮೇಲೆ. ಹಿಂದಿನ ಆಕ್ಸಲ್ ಭಾರ 1,900 ಕೆ.ಜಿ. ಇದ್ದರೆ ಅಲ್ಲಿನ ಎರಡು ಟೈರುಗಳ 1,800 ಕೆ.ಜಿ. ಸಾಮರ್ಥ್ಯ ಸಾಲದು. ವಾಹನದ ನೋಂದಣಿ ಪತ್ರದಲ್ಲಿ ನಮೂದಾಗಿರುವ ಆಕ್ಸಲ್ ಭಾರವನ್ನು ನೋಡಿಯೇ ಸೂಚ್ಯಂಕವನ್ನು ನಿರ್ಧರಿಸಬೇಕು. ನೋಟಕ್ಕೆ ಒರಟಾಗಿ ಕಾಣುವ ಎ.ಟಿ. ಟೈರಿನ ಸೂಚ್ಯಂಕ, ಕಂಪನಿಯಿಂದ ಬಂದ ಟೈರಿನದ್ದಕ್ಕಿಂತ ಕಡಿಮೆಯಿರುವ ಸಾಧ್ಯತೆಯೂ ಇರುತ್ತದೆ. ಅಂಥದ್ದನ್ನು ಸರಕಿನ ವಾಹನಕ್ಕೆ ಹಾಕಿಸಬಾರದು.

ತಯಾರಿಕೆಯ ದಿನಾಂಕವನ್ನೂ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಲ್ಲಿ ಮುದ್ರಿಸಿರುತ್ತಾರೆ. 2325 ಎಂದರೆ 2025ನೇ ಇಸವಿಯ 23ನೇ ವಾರ. ಹಳೆಯ ದಾಸ್ತಾನನ್ನು ರಿಯಾಯಿತಿಯ ಹೆಸರಿನಲ್ಲಿ ಮಾರುವುದುಂಟು. ರಬ್ಬರು ಓಡದೆ ಇದ್ದರೂ ಗಟ್ಟಿಯಾಗುತ್ತದೆ ಎಂಬುದನ್ನು ಮರೆಯಬಾರದು. ಐ.ಎಸ್.ಐ. ಗುರುತು ಇದೆಯೇ ಎಂದೂ ನೋಡಿಕೊಳ್ಳಬೇಕು.

ದೊಡ್ಡ ಅಳತೆಯ ಮೋಹ

ನೆಲದಿಂದ ಎತ್ತರ ಹೆಚ್ಚಲೆಂದು ಒಂದು ಅಳತೆ ದೊಡ್ಡ ಟೈರನ್ನು ಹಾಕಿಸುವ ರೂಢಿ ಇದೆ. 245/70ರ ಬದಲು 245/75 ಹಾಕಿಸಿದರೆ ಟೈರಿನ ವ್ಯಾಸ ಸುಮಾರು 749 ಮಿ.ಮೀ.ನಿಂದ 774 ಮಿ.ಮೀ.ಗೆ, ಅಂದರೆ ಶೇ. 3.3ರಷ್ಟು ಏರುತ್ತದೆ. ನೆಲದಿಂದ ವಾಹನ ಏರುವುದು ಇದರ ಅರ್ಧ, ಕೇವಲ 12 ಮಿ.ಮೀ. ಆದರೆ ಮೀಟರು 60 ತೋರಿಸುವಾಗ ನಿಜವಾದ ವೇಗ 62 ಆಗಿರುತ್ತದೆ. ವಾಹನ 30,000 ಕಿ.ಮೀ. ಓಡಿದಾಗ ಮೀಟರಿನಲ್ಲಿ ಸುಮಾರು 950 ಕಿ.ಮೀ. ಕಡಿಮೆ ದಾಖಲಾಗುತ್ತದೆ. ಲೀಟರಿಗೆ 12 ಕಿ.ಮೀ. ಕೊಡುತ್ತಿರುವ ವಾಹನ ಪುಸ್ತಕದಲ್ಲಿ 11.6 ಕೊಟ್ಟಂತೆ ಕಾಣುತ್ತದೆ. ಮೈಲೇಜ್ ಆಧಾರದ ಮೇಲೆ ಚಾಲಕರ ಡೀಸೆಲ್ ಲೆಕ್ಕ ನೋಡುವ ಸಂಸ್ಥೆಗಳಲ್ಲಿ, ಟೈರು ಬದಲಾದದ್ದನ್ನು ಮರೆತು ಚಾಲಕರ ಮೇಲೆ ಸಂಶಯಪಡುವ ಪ್ರಸಂಗ ಬರಬಹುದು.

ಕಾನೂನಿನ ತೊಡಕೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಲುವನ್ನು ಎತ್ತಿಹಿಡಿದಿದೆ. ಅಪಘಾತವಾದಾಗ ವಿಮಾ ಸಂಸ್ಥೆ ಪ್ರಶ್ನೆ ಎತ್ತಲು ಅವಕಾಶ ಕೊಡುವುದಕ್ಕಿಂತ, ವಾಹನದ ಕೈಪಿಡಿಯಲ್ಲಿರುವ ಅಳತೆಯಲ್ಲಿಯೇ ಎ.ಟಿ. ಟೈರು ದೊರೆತರೆ ಅದನ್ನೇ ಆರಿಸುವುದು ಕ್ಷೇಮ.

ಗಾಳಿ, ಸವೆತ ಮತ್ತು ಕೊಳ್ಳುವ ತಿಂಗಳು

ಟೈರಿನ ಅರ್ಧ ಗುಣ ಅದರೊಳಗಿನ ಗಾಳಿಯಲ್ಲಿದೆ. ಗಾಳಿಯನ್ನು ಸ್ವಲ್ಪ ಇಳಿಸಿದರೆ ಟೈರು ಉದ್ದಕ್ಕೆ ಹರಡಿ ನೆಲವನ್ನು ಹೆಚ್ಚು ಹಿಡಿಯುತ್ತದೆ. ಖಾಲಿ ವಾಹನವನ್ನು ಕೆಸರಿನ ಏರಿನಲ್ಲಿ ಹತ್ತಿಸುವಾಗ ನಿಗದಿತ ಗಾಳಿಯ ಕಾಲುಭಾಗದಷ್ಟನ್ನು ಇಳಿಸಿ ಗಂಟೆಗೆ 30 ಕಿ.ಮೀ. ಮೀರದಂತೆ ಓಡಿಸಬಹುದು. ಆದರೆ ಹೊರೆ ತುಂಬಿದ ವಾಹನದಲ್ಲಿ ಎಂದೂ ಗಾಳಿ ಇಳಿಸಬಾರದು. ಹೊರೆಯ ಸೂಚ್ಯಂಕವು ಪೂರ್ಣ ಗಾಳಿಯಿದ್ದಾಗ ಮಾತ್ರ ಅನ್ವಯಿಸುತ್ತದೆ. ಡಾಂಬರು ರಸ್ತೆಗೆ ಬರುವ ಮುನ್ನ ಮತ್ತೆ ಗಾಳಿ ಹೊಡೆಸಲೇಬೇಕು. ಇದಕ್ಕಾಗಿ ವಾಹನದ ಬ್ಯಾಟರಿಯಿಂದಲೇ ನಡೆಯುವ ಸಣ್ಣ ಕಂಪ್ರೆಸರ್ ಒಂದನ್ನು ಇಟ್ಟುಕೊಳ್ಳುವುದು ಉತ್ತಮ. ಅನೇಕ ಸಂದರ್ಭಗಳಲ್ಲಿ ಅದು ಎಚ್.ಟಿ.ಯಿಂದ ಎ.ಟಿ.ಗೆ ಏರುವ ಅಗತ್ಯವನ್ನೇ ತಪ್ಪಿಸೀತು.

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನಾಲ್ಕು ಚಕ್ರದ ವಾಹನಗಳಲ್ಲಿ ಟ್ರೆಡ್‌ನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ಇದು ಕಾನೂನಿನ ಕೊನೆಯ ಮಿತಿ. ಕೆಸರಿನಲ್ಲಿ ಟೈರಿನ ಹಿಡಿತ ಅದಕ್ಕೆ ಬಹಳ ಮುಂಚೆಯೇ ಮುಗಿದಿರುತ್ತದೆ. ಆದಕಾರಣ ಟೈರು ಬದಲಿಸುವ ತಿಂಗಳನ್ನು ಸಹ ಯೋಚಿಸಿ ಗೊತ್ತುಪಡಿಸಬೇಕು. ಮೇ ತಿಂಗಳಲ್ಲಿ ಹೊಸ ಟೈರು ಹಾಕಿಸಿದರೆ ಮಳೆಗಾಲಕ್ಕೆ ಟ್ರೆಡ್‌ನ ಪೂರ್ಣ ಆಳ ದೊರೆಯುತ್ತದೆ. ನಂತರದ ಒಣ ಕೊಯ್ಲಿನ ಕಾಲಕ್ಕೆ ಸ್ವಲ್ಪ ಸವೆದ ಟೈರಾದರೂ ಸಾಕಾಗುತ್ತದೆ. ಅಕ್ಟೋಬರ್‌ನಲ್ಲಿ ಹಾಕಿಸಿದವರು ಇದೇ ಹಣ ಕೊಟ್ಟು ಮುಂದಿನ ಮಳೆಗಾಲವನ್ನು ಸವೆದ ಟೈರಿನಲ್ಲಿ ಎದುರಿಸುತ್ತಾರೆ.

ಒಂದೇ ಆಕ್ಸಲ್‌ಗೆ ಎರಡು ಬಗೆಯ ಟೈರು ಹಾಕಬಾರದು. ನಾಲ್ಕು ಚಕ್ರಕ್ಕೂ ಎಂಜಿನ್ ಶಕ್ತಿ ಹರಿಯುವ ವಾಹನಗಳಲ್ಲಿ ನಾಲ್ಕೂ ಒಂದೇ ಬಗೆ, ಒಂದೇ ಅಳತೆ, ಹತ್ತಿರ ಹತ್ತಿರ ಒಂದೇ ಸವೆತದವಾಗಿರಬೇಕು. ಇಲ್ಲವಾದರೆ ಗೇರಿನ ಭಾಗಗಳಿಗೆ ಪೆಟ್ಟು. ಸ್ಟೆಪ್ನಿಯೂ ಅದೇ ಅಳತೆಯದಾಗಿರಲಿ.

ತೆರಿಗೆಯ ದೃಷ್ಟಿಯಿಂದ

ಹೊಸ ಟೈರುಗಳ ಮೇಲಿನ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಗಿದೆ. ಮೇಲಿನ ಉದಾಹರಣೆಯ 44,000 ರೂ. ಟೈರುಗಳಿಗೆ ತೆರಿಗೆ 7,920 ರೂ. ವಾಹನ ಸರಕು ಸಾಗಣೆ ವಾಹನವೆಂದು ನೋಂದಣಿಯಾಗಿದ್ದು ತೆರಿಗೆಗೊಳಪಟ್ಟ ವ್ಯಾಪಾರಕ್ಕೆ ಬಳಕೆಯಾಗುತ್ತಿದ್ದರೆ, ಸಂಸ್ಥೆಯ ಹೆಸರು ಮತ್ತು ಜಿ.ಎಸ್.ಟಿ. ಸಂಖ್ಯೆಯಿರುವ ಬಿಲ್ಲಿನ ಆಧಾರದ ಮೇಲೆ ಈ ಮೊತ್ತವನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಕಾಂಪೊಸಿಷನ್ ಯೋಜನೆಯಲ್ಲಿರುವ ವರ್ತಕರಿಗೂ ನೋಂದಣಿಯಿಲ್ಲದ ಬೆಳೆಗಾರರಿಗೂ ಈ ಅವಕಾಶವಿಲ್ಲ. ಅವರ ಪಾಲಿಗೆ ಟೈರಿನ ನಿಜ ಬೆಲೆ 51,920 ರೂ., ಪ್ರತಿ ಕಿ.ಮೀ.ಗೆ 98 ಪೈಸೆಯ ಬದಲು 1.15 ರೂ.

ಎರಡು ಸಾಲು ಆಸನಗಳಿರುವ ಕೆಲವು ಪಿಕಪ್‌ಗಳು ಖಾಸಗಿ ವಾಹನಗಳಾಗಿ ನೋಂದಣಿಯಾಗುತ್ತವೆ. ಚಾಲಕರೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳಿಗೆ ಸಂಬಂಧಿಸಿದಂತೆ ಜಮೆ ಪಡೆಯಲು ಕಾಯ್ದೆಯ 17(5)ನೇ ಕಲಮಿನಲ್ಲಿ ನಿರ್ಬಂಧಗಳಿರುವುದರಿಂದ, ಅಂತಹ ವಾಹನವುಳ್ಳವರು ಮೊದಲು ತಮ್ಮ ತೆರಿಗೆ ಸಲಹೆಗಾರರನ್ನು ವಿಚಾರಿಸುವುದು ಸೂಕ್ತ.

ಆದಾಯ ತೆರಿಗೆಯಲ್ಲಿ ಸವೆದ ಟೈರಿನ ಬದಲಾವಣೆ ಸಾಮಾನ್ಯವಾಗಿ ಆ ವರ್ಷದ ದುರಸ್ತಿ ವೆಚ್ಚವೇ ಆಗುತ್ತದೆ. ಆದರೆ ವಾಹನವನ್ನು ಭಾನುವಾರಗಳಂದು ಬೆಟ್ಟದ ಜೀಪು ಹಾದಿಗಳಿಗೆ ಸ್ವಂತ ವಿಹಾರಕ್ಕಾಗಿ ಒಯ್ಯುವವರು ಆ ಪಾಲನ್ನು ವ್ಯಾಪಾರ ವೆಚ್ಚದಿಂದ ಬೇರ್ಪಡಿಸಬೇಕು. ಅಂದಾಜು ಆದಾಯದ ಯೋಜನೆಯಲ್ಲಿ ತೆರಿಗೆ ಕಟ್ಟುವವರಿಗೆ ಟೈರಿನ ವೆಚ್ಚವನ್ನು ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ.

ಈ ಎಲ್ಲ ಲೆಕ್ಕಕ್ಕೂ ಬೇಕಾದುದು ಒಂದೇ ಪುಸ್ತಕ. ಪ್ರತಿದಿನ ಮೀಟರಿನ ಅಂಕಿ, ಅದರಲ್ಲಿ ಕಚ್ಚಾ ರಸ್ತೆಯ ಪಾಲು, ಹಾಕಿಸಿದ ಡೀಸೆಲ್, ಪಂಕ್ಚರ್ ಹಾಗೂ ಸಿಕ್ಕಿಬಿದ್ದ ದಿನಗಳು, ಇವಿಷ್ಟನ್ನು ಚಾಲಕರಿಂದ ಬರೆಸಿಟ್ಟರೆ ವರ್ಷದ ಕೊನೆಗೆ ಯಾವ ಟೈರು ಬೇಕೆಂಬುದನ್ನು ಆ ಪುಸ್ತಕವೇ ಹೇಳುತ್ತದೆ. ಮುಂದಿನ ಮೇ ತಿಂಗಳಲ್ಲಿ ಟೈರು ಕೊಳ್ಳಬೇಕಾದವರು ಆ ಪುಸ್ತಕವನ್ನು ಈ ತಿಂಗಳಿಂದಲೇ ಆರಂಭಿಸುವುದು ಒಳಿತು.